ಡಾಕರ್‌ನಲ್ಲಿ ಎಂಜಿನ್‌ಎಕ್ಸ್: ಸಲೀಸು ನಿಜ, ಪೋರ್ಟ್ ಮೇಲೆ ಮಾತ್ರ ಕಣ್ಣಿರಲಿ

ನಮ್ಮ ಅಡಿಕೆ ತೋಟದ ಮಳೆ ಲೆಕ್ಕವನ್ನು ಸುತ್ತಲಿನ ಬೆಳೆಗಾರರು ದಿನವೂ ನೋಡುತ್ತಾರೆ. ಅದಕ್ಕೆಂದೇ ಒಂದು ಪುಟ್ಟ ಜಾಲತಾಣವಿದೆ. ಬರಿಯ ಎಚ್‌ಟಿಎಂಎಲ್ ಪುಟಗಳು, ಒಂದು ಜಿಬಿ ಮೆಮೊರಿಯ ಅಗ್ಗದ ಬಾಡಿಗೆ ಸರ್ವರ್, ಅದರಲ್ಲೊಂದು ಡಾಕರ್ ಕಂಟೈನರ್ (ತಂತ್ರಾಂಶವನ್ನು ಅದಕ್ಕೆ ಬೇಕಾದ ಸರಕಿನೊಡನೆ ಪ್ರತ್ಯೇಕವಾಗಿ ಓಡಿಸುವ ಪೆಟ್ಟಿಗೆ), ಒಳಗೆ ಪುಟಗಳನ್ನು ಓದುಗರಿಗೆ ಕಳಿಸುವ ಎಂಜಿನ್‌ಎಕ್ಸ್ ಎಂಬ ತಂತ್ರಾಂಶ. ಕಂಟೈನರ್ ಬಗ್ಗೆ ಹೆಚ್ಚಿನ ವಿವರಣೆ ಎಲ್ಲೆಡೆ ಸಿಗುತ್ತದೆ, ಇಲ್ಲಿ ಬೇಡ.

ಬೆಳಿಗ್ಗೆ ಎಂಟೂವರೆಗೆ, ಹವಾಮಾನ ಇಲಾಖೆಯವರು ಮಳೆ ಅಳೆಯುವ ಹೊತ್ತಿಗೇ, ಮಾಪಕದ ನೀರನ್ನು ಅಳತೆಯ ಗಾಜಿಗೆ ಸುರಿದು, ಮಿಲಿಮೀಟರ್ ಓದಿ, ಪುಟಕ್ಕೆ ಒಂದು ಸಾಲು ಸೇರಿಸುತ್ತೇನೆ. ಆಮೇಲೆ ಇಮೇಜನ್ನು, ಅಂದರೆ ಕಂಟೈನರಿನ ಅಚ್ಚನ್ನು, ಕಟ್ಟುವ ‘ಡಾಕರ್ ಬಿಲ್ಡ್’ ಆಜ್ಞೆ. ಅದಕ್ಕೆ ಸೂಚನೆ ಕೊಡುವ ನನ್ನ ಡಾಕರ್‌ಫೈಲ್‌ನಲ್ಲಿರುವುದು ಎರಡೇ ಸಾಲು: ಎಂಜಿನ್‌ಎಕ್ಸ್‌ನ ಆಲ್ಪೈನ್ (ಪುಟ್ಟ ಲಿನಕ್ಸ್) ಇಮೇಜನ್ನು ಬುನಾದಿಯಾಗಿಸುವ ‘ಫ್ರಮ್’, ಪುಟಗಳ ಫೋಲ್ಡರನ್ನು ಒಳಗೆ ನಕಲಿಸುವ ‘ಕಾಪಿ’. ಬುನಾದಿಯ ಪದರಗಳು ಡಿಸ್ಕಿನಲ್ಲೇ ಇರುವುದರಿಂದ ಹೊಸದಾಗಿ ಕಟ್ಟಬೇಕಾದದ್ದು ಕೊನೆಯ ಪದರವೊಂದನ್ನೇ. ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಮುಗಿದಿರುತ್ತದೆ. ಇಮೇಜಿಗೆ ಆ ದಿನದ ತಾರೀಖನ್ನೇ ಟ್ಯಾಗ್ ಮಾಡುತ್ತೇನೆ. ಹಳೆಯ ಕಂಟೈನರನ್ನು ನಿಲ್ಲಿಸಿ, ತೆಗೆದು, ಹೊಸದನ್ನು ಓಡಿಸಿದರೆ ಆಯಿತು. ನಿನ್ನೆಯ ಪುಟವೇ ಮತ್ತೆ ಬೇಕೆಂದರೆ ನಿನ್ನೆಯ ತಾರೀಖಿನ ಇಮೇಜ್ ಇದ್ದೇ ಇದೆ. ಈ ನೆಮ್ಮದಿಗೆ ನಾನು ಮನಸೋತಿದ್ದೇನೆ. ಫೋಲ್ಡರನ್ನು ಇಮೇಜಿಗೆ ನಕಲಿಸದೆ ಹೊರಗಿನಿಂದಲೇ ವಾಲ್ಯೂಮ್ ಆಗಿ ಜೋಡಿಸಿಬಿಟ್ಟರೆ ಬಿಲ್ಡ್ ಗೊಡವೆಯೇ ಇಲ್ಲವೆನ್ನುವವರಿದ್ದಾರೆ. ಸರಿಯೇ, ಆದರೆ ತಾರೀಖುವಾರು ಇಮೇಜುಗಳೂ ಆಗ ಇರುವುದಿಲ್ಲ.

ಸಿಟ್ಟಿರುವುದು ಕಂಟೈನರ್ ಓಡಿಸುವಾಗ ಕೊಡುವ ‘-ಪಿ 8080:80’ ಮೇಲೆ. ಯಂತ್ರದ 8080 ಪೋರ್ಟನ್ನು (ಸಂಪರ್ಕ ಒಳಬರುವ ಸಂಖ್ಯೆಯ ಬಾಗಿಲು) ಕಂಟೈನರಿನ ಒಳಗಿನ 80ಕ್ಕೆ ಜೋಡಿಸುವ ಈ ತುಣುಕನ್ನು ಎಲ್ಲರೂ ಮೊದಲ ದಿನವೇ ಕಲಿಯುತ್ತಾರೆ. ಲಿನಕ್ಸ್‌ನಲ್ಲಿ ಡಾಕರ್ ತನ್ನ ನಿಯಮಗಳನ್ನು ನೇರವಾಗಿ ಐಪಿಟೇಬಲ್ಸ್ ಎಂಬ ಸಂಚಾರ ನಿಯಮಗಳ ಪಟ್ಟಿಗೆ ಬರೆಯುತ್ತದೆ; ಬಂದ ಸಂಪರ್ಕವನ್ನು ಫೈರ್‌ವಾಲ್ ತಡೆಯುವ ಮೊದಲೇ ಅವು ಕಂಟೈನರಿನತ್ತ ತಿರುಗಿಸುತ್ತವೆ. ಹಾಗಾಗಿ ಉಬುಂಟುವಿನ ಯುಎಫ್‌ಡಬ್ಲ್ಯು ಫೈರ್‌ವಾಲ್‌ನಲ್ಲಿ ಆ ಪೋರ್ಟನ್ನು ನೀವು ಮುಚ್ಚಿದ್ದರೂ ಹೊರಗಿನವರಿಗೆ ಅದು ತೆರೆದೇ ಇರುತ್ತದೆ! ಡಾಕರ್‌ನ ಕೈಪಿಡಿಯಲ್ಲಿ ಈ ಎಚ್ಚರಿಕೆ ಇದೆ, ನಿಜ. ಆದರೆ ‘-ಪಿ’ ಕಲಿಸುವ ಉಸಿರಿನಲ್ಲೇ ಇದನ್ನೂ ಹೇಳಬೇಕು. ನನ್ನ ಮಳೆ ಲೆಕ್ಕದಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ಇದೇ ರೂಢಿಯಲ್ಲಿ ಯಾರಾದರೂ ಸಹಕಾರ ಸಂಘದ ಸದಸ್ಯರ ಡೇಟಾಬೇಸನ್ನು ಓಡಿಸಿದರೆ ಗತಿಯೇನು? ದಯವಿಟ್ಟು ‘127.0.0.1:8080:80’ ಎಂದು ಬರೆಯಿರಿ. ಆಗ ಪೋರ್ಟ್ ಆ ಯಂತ್ರದ ಮಟ್ಟಿಗಷ್ಟೇ ತೆರೆಯುತ್ತದೆ. ನಾನು ಹಾಗೆ ಮಾಡಿ, ಹೊರಗಿನಿಂದ ಬರುವವರನ್ನೂ ಎಚ್‌ಟಿಟಿಪಿಎಸ್ ಅನ್ನೂ ನೋಡಿಕೊಳ್ಳಲು ಮುಂದೆ ಇನ್ನೊಂದು ಎಂಜಿನ್‌ಎಕ್ಸ್ ಇಟ್ಟಿದ್ದೇನೆ.

ಇಷ್ಟು ಬಿಟ್ಟರೆ ದೊಡ್ಡ ತಕರಾರಿಲ್ಲ. ದಿನಕ್ಕೊಂದು ಇಮೇಜ್ ಆದರೆ ಡಿಸ್ಕ್ ತುಂಬೀತೆಂಬ ಹೆದರಿಕೆ ಬೇಡ. ಬುನಾದಿ ಒಂದೇ ಆಗಿರುವವರೆಗೆ ದಿನವೂ ಸೇರುವುದು ಪುಟಗಳ ತೂಕ ಮಾತ್ರ. ಒಂದೇ ಕಂಟೈನರನ್ನು ಬಹುದಿನ ತೆಗೆಯದೆ ಓಡಿಸಿದರೆ ಡಿಸ್ಕ್ ತುಂಬಿಸುವುದು, ಯಾರು ಬಂದರು, ಏನು ಕೇಳಿದರೆಂದು ಬರೆದಿಡುವ ಲಾಗ್ ಕಡತ. ಮೂಲ ಸ್ಥಿತಿಯಲ್ಲಿ ಅದರ ಗಾತ್ರಕ್ಕೆ ಮಿತಿಯೇ ಇಲ್ಲ. ‘ಮ್ಯಾಕ್ಸ್-ಸೈಜ್’ 10 ಎಂಬಿ, ‘ಮ್ಯಾಕ್ಸ್-ಫೈಲ್’ 3 ಎಂದು ಕೊಟ್ಟಿದ್ದೇನೆ. ಬುನಾದಿ ಇಮೇಜ್ ಕೂಡ ತಾನಾಗಿ ಹೊಸದಾಗುವುದಿಲ್ಲ. ತಿಂಗಳಿಗೊಮ್ಮೆ ಬಿಲ್ಡ್ ಆಜ್ಞೆಗೆ ‘--ಪುಲ್’ ಸೇರಿಸಿ ಭದ್ರತೆಯ ತಿದ್ದುಪಡಿಗಳನ್ನು ತರಿಸಿಕೊಳ್ಳುತ್ತೇನೆ. ಸರ್ವರ್ ಬಾಡಿಗೆಯ ಹೊರತು ಇದಕ್ಕೆ ನಾನು ಕೈಯಿಂದ ಹಾಕುವ ದುಡ್ಡಿಲ್ಲ. ನಮ್ಮಂಥ ಸಣ್ಣ ಜಾಲತಾಣದವರು ಧೈರ್ಯವಾಗಿ ಬಳಸಬಹುದು.