ಮೀನಿನ ಬೆನ್ನ ಮೇಲೆ ಎರಡನೇ ರೆಕ್ಕೆ ಇದೆಯಾ ನೋಡಿ, ಆಮೇಲೆ ಮನೆಗೆ ತನ್ನಿ

ಟೆಕ್ಸಸ್‌ನಲ್ಲಿದ್ದು ಮನೆಯಲ್ಲಿ ಮೀನು ಸಾಕುವ ಕನ್ನಡಿಗರು ದಯವಿಟ್ಟು ಇದನ್ನು ಓದಿ. ಶೈನರ್ ಅಂತ ನಂಬಿ ಮೆಕ್ಸಿಕನ್ ಟೆಟ್ರಾ ಅನ್ನುವ ಮೀನು ತಂದು ನನ್ನ ಟ್ಯಾಂಕಿನಲ್ಲಿ ಆದದ್ದು ನಿಮ್ಮಲ್ಲಿ ಆಗಬಾರದು.

ಕಳೆದ ವರ್ಷ ಸ್ಯಾನ್ ಆಂಟೋನಿಯೊದ ಒಂದು ಸಣ್ಣ ಅಂಗಡಿಯಲ್ಲಿ ಆರು ಬೆಳ್ಳಿ ಬಣ್ಣದ ಮರಿ ಕೊಂಡೆ. ಒಂದೊಂದೂ ಒಂದಿಂಚು. "ಇಲ್ಲಿನ ಹೊಳೆ ಮೀನು, ಶೈನರ್. ಬಲು ಸಾಧು, ಯಾವುದರ ಜೊತೆ ಬೇಕಾದರೂ ಬಿಡಿ" ಅಂದರು. ನಂಬಿದೆ. ಮನೆಯ ಟ್ಯಾಂಕಿನಲ್ಲಿ ಗಪ್ಪಿಗಳಿದ್ದವು, ಮಗಳು ತಾನೇ ಆರಿಸಿ ತಂದ ಒಂದು ಏಂಜೆಲ್ ಮೀನಿತ್ತು.

ಮೊದಲ ತಿಂಗಳು ಏನೂ ಆಗಲಿಲ್ಲ. ಆಮೇಲೆ ಗಪ್ಪಿಗಳ ಬಾಲ ಹರಿದ ಬಟ್ಟೆಯ ಹಾಗೆ ಕಾಣತೊಡಗಿತು. ರೋಗ ಅಂದುಕೊಂಡೆ. ಉಪ್ಪು ಹಾಕಿದೆ, ನೀರು ಬದಲಿಸಿದೆ, ಔಷಧಿ ತಂದೆ. ಮೂರು ವಾರ ಹೀಗೇ ಹೋಯಿತು. ಒಂದು ರಾತ್ರಿ ದೀಪ ಆರಿಸುವ ಮುಂಚೆ ಟ್ಯಾಂಕಿನ ಮುಂದೆ ಸುಮ್ನೆ ಕೂತಿದ್ದೆ. ಬೆಳ್ಳಿ ಮೀನೊಂದು ಹಿಂದಿನಿಂದ ಬಂದು ಏಂಜೆಲ್‌ನ ಉದ್ದ ರೆಕ್ಕೆಗೆ ಬಾಯಿ ಹಾಕಿತು. ಒಂದು ಚೂರು ಕಿತ್ತುಕೊಂಡು ಓಡಿತು. ಅದರ ಹಿಂದೆಯೇ ಇನ್ನೊಂದು. ಬೆಳಿಗ್ಗೆ ಏಂಜೆಲ್ ತಳದಲ್ಲಿ ಬಿದ್ದಿತ್ತು. ಮಗಳನ್ನು ಸಮಾಧಾನ ಮಾಡಲು ನನಗೆ ಮಾತೇ ಸಿಗಲಿಲ್ಲ.

ಅದು ಶೈನರ್ ಅಲ್ಲವೇ ಅಲ್ಲ, ಮೆಕ್ಸಿಕನ್ ಟೆಟ್ರಾ. ಅಮೆರಿಕ ದೇಶದ ಹೊಳೆಗಳಿಗೆ ಸೇರಿದ ಒಂದೇ ಟೆಟ್ರಾ ಇದು. ರಿಯೊ ಗ್ರಾಂಡೆ, ಪೆಕೋಸ್, ನ್ಯೂಸೆಸ್ ನದಿಗಳು ಇದರ ತವರು. ಅಂಗಡಿಗಳಲ್ಲಿ ಸಿಗುವ ಕಣ್ಣಿಲ್ಲದ ಗುಹೆ ಮೀನು ಇದೆಯಲ್ಲ, ಅದೂ ಇದೇ ಜಾತಿ.

ಶೈನರ್ ನಮ್ಮ ಗೆಂಡೆ ಮೀನಿನ ಕುಲದ್ದು. ದವಡೆಯಲ್ಲಿ ಹಲ್ಲಿಲ್ಲ, ಬೆನ್ನ ಮೇಲೆ ಒಂದೇ ರೆಕ್ಕೆ. ಟೆಟ್ರಾದ ದವಡೆಯಲ್ಲಿ ಗಟ್ಟಿ, ಚೂಪು ಹಲ್ಲುಗಳಿವೆ. ಬೆನ್ನಿನ ರೆಕ್ಕೆಗೂ ಬಾಲಕ್ಕೂ ನಡುವೆ ಇನ್ನೊಂದು ಪುಟ್ಟ ರೆಕ್ಕೆ ಇರುತ್ತದೆ. ಮರಿಯಲ್ಲಿ ಇದು ಸುಲಭವಾಗಿ ಕಾಣುವುದಿಲ್ಲ, ಪಕ್ಕದಿಂದ ಟಾರ್ಚ್ ಬಿಟ್ಟು ನೋಡಿ. ಬಾಲದ ಬುಡದ ಕಪ್ಪು ಪಟ್ಟಿ ಬಾಲದ ನಡುವಿನವರೆಗೂ ಹರಿದಿರುತ್ತದೆ. ದೊಡ್ಡದಾದ ಮೇಲೆ ರೆಕ್ಕೆಗಳಿಗೆ ಹಳದಿ, ಕೆಂಪು ಬಣ್ಣ ಬರುತ್ತದೆ.

ಮೀನಿನ ತಪ್ಪೇನೂ ಇಲ್ಲ. ಈಗ ಆ ಆರಕ್ಕೂ ನಾಲ್ಕು ಅಡಿಯ, 55 ಗ್ಯಾಲನ್‌ನ ಬೇರೆ ಟ್ಯಾಂಕು ಮಾಡಿದ್ದೇನೆ. ಮೂರಿಂಚು ಬೆಳೆದಿವೆ. ಎಗರುತ್ತವೆ, ಹಾಗಾಗಿ ಮುಚ್ಚಳ ಬೇಕೇ ಬೇಕು. ಗುಂಪಿನಲ್ಲಿದ್ದರೆ ಕಚ್ಚಾಟ ತಮ್ಮತಮ್ಮಲ್ಲೇ ಹಂಚಿಹೋಗುತ್ತದೆ. ಎಳೆ ಗಿಡ ನೆಟ್ಟರೆ ಅದನ್ನೂ ಮೇಯುತ್ತವೆ.

"ಹೊಳೆಗೆ ಬಿಟ್ಟುಬಿಡಿ, ಅಲ್ಲಿನದೇ ಅಲ್ವಾ" ಅಂತ ಒಬ್ಬರು ಹೇಳಿದರು. ಖಂಡಿತ ಬೇಡ. ಗಾಳಕ್ಕೆ ಸಿಕ್ಕಿಸಲು ತಂದು ಉಳಿದ ಮೀನನ್ನು ಜನ ನೀರಿಗೆ ಸುರಿದೇ ಇದು ಮಧ್ಯ ಟೆಕ್ಸಸ್‌ನ ನದಿಗಳಿಗೂ ಹಬ್ಬಿದೆ. ಟ್ಯಾಂಕಿನ ರೋಗವೂ ಜೊತೆಗೆ ಹೋಗುತ್ತದೆ. ಪರವಾನಗಿ ಇಲ್ಲದೆ ಬಿಡುವುದು ಕಾನೂನಿಗೂ ವಿರುದ್ಧ.

ಈಗಾಗಲೇ ತಂದಿದ್ದರೆ, ಬಾಲ ಹರಿದದ್ದು ಕಂಡ ದಿನವೇ ಬೇರೆ ಮಾಡಿ. ನನ್ನ ಹಾಗೆ ಔಷಧಿ ಹಾಕುತ್ತಾ ಮೂರು ವಾರ ಕಾಯಬೇಡಿ.