ವೈಟಲ್ಲಾ, ಸರ್ಜಾ? ಮಿಶ್ರ ಛಾಪುವಿಗೆ ಕೂರಿಸಿ ನೋಡಿದ ಎರಡು ಸಿಂಥ್‌ಗಳು

ಕಂಪ್ಯೂಟರಿನಲ್ಲೇ ಸದ್ದು ಹುಟ್ಟಿಸುವ ಸಾಫ್ಟ್‌ವೇರ್ ವಾದ್ಯಗಳಿಗೆ ಸಿಂಥ್ ಅನ್ನುತ್ತಾರೆ. ಅವುಗಳಲ್ಲಿ ನನಗೆ ಇಷ್ಟ ವೈಟಲ್. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸರ್ಜ್ ಎಕ್ಸ್‌ಟಿ ಅದರ ಪಕ್ಕದಲ್ಲೇ ಇದೆ, ಅದನ್ನು ಅಳಿಸುವ ಯೋಚನೆಯೂ ಇಲ್ಲ. ತಿಂಗಳ ಬಾಡಿಗೆ ಕಟ್ಟಿ ತಂದ ಮೂರನೆಯದೊಂದು ಇತ್ತು. ಅದು ಈಗ ನನ್ನ ಲ್ಯಾಪ್‌ಟಾಪ್‌ನಲ್ಲಿಲ್ಲ.

ನಾನು ಹಾಸನದಲ್ಲಿ ಭರತನಾಟ್ಯ ಕ್ಲಾಸಿನವರಿಗೆ, ಶಾಲಾ ವಾರ್ಷಿಕೋತ್ಸವಗಳಿಗೆ, ಹವ್ಯಾಸಿ ನಾಟಕ ತಂಡಗಳಿಗೆ ಟ್ರ್ಯಾಕ್ ಮಾಡಿಕೊಡುತ್ತೇನೆ. ಹಾಡು, ಮೃದಂಗ, ಕೊಳಲು ಇವೆಲ್ಲ ಕಲಾವಿದರದ್ದೇ. ಅವುಗಳ ಹಿಂದೆ ಹಾಸುವ ಶ್ರುತಿ, ಕತ್ತಲೆಯ ದೃಶ್ಯಕ್ಕೆ ಬೇಕಾದ ಗುಂಯ್ ಅನ್ನುವ ನಾದ, ಮಳೆಗಾಳಿಯ ಸದ್ದು, ಇವಷ್ಟೇ ಸಿಂಥ್‌ನಿಂದ ಬರಬೇಕು. ಲ್ಯಾಪ್‌ಟಾಪ್‌ಗೆ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ರೆಕಾರ್ಡಿಂಗ್ ಎಲ್ಲ ರೀಪರ್ ಅನ್ನುವ ಸಾಫ್ಟ್‌ವೇರ್‌ನಲ್ಲಿ, ಸಿಂಥ್‌ಗಳು ಅದರೊಳಗೆ ಪ್ಲಗಿನ್ ಆಗಿ ತೆರೆಯುತ್ತವೆ. ಈ ಕೆಲಸಕ್ಕೆ, ಈ ಬಜೆಟ್‌ಗೆ ಯಾವುದು ಸರಿ ಅನ್ನುವುದಷ್ಟೇ ಇಲ್ಲಿನ ಮಾತು.

ಬಾಡಿಗೆಯ ಸಿಂಥ್‌ನ ಕತೆ ಬೇಗ ಮುಗಿಸುತ್ತೇನೆ. ಹೆಸರು ಬೇಡ. ಸದ್ದು ಚೆನ್ನಾಗಿಯೇ ಇತ್ತು. ಆದರೆ ಹೊರದೇಶದ ಕಂಪನಿ, ಪ್ರತಿ ತಿಂಗಳೂ ಕಾರ್ಡ್‌ನಿಂದ ತಾನಾಗೇ ಹಣ ಹೋಗಬೇಕು. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕ್ ಇದಕ್ಕೆ ಹೊಸ ನಿಯಮ ತಂದಿದೆ. ಮೊದಲೇ ಒಪ್ಪಿಗೆ ನೋಂದಾಯಿಸಿರಬೇಕು, ಹಣ ಹೋಗುವ 24 ಗಂಟೆ ಮುಂಚೆ ಗ್ರಾಹಕರಿಗೆ ತಿಳಿಸಬೇಕು. ನಮ್ಮ ಒಳ್ಳೆಯದಕ್ಕೇ ಮಾಡಿದ ನಿಯಮ. ಆ ಕಂಪನಿ ಅದಕ್ಕೆ ಹೊಂದಿಕೊಂಡಿರಲಿಲ್ಲ. ಕಂತು ಹೋಗಲಿಲ್ಲ, ಲೈಸೆನ್ಸ್ ನಿಂತಿತು. ಸಕಲೇಶಪುರದ ಕಡೆ ಒಂದು ಎಸ್ಟೇಟಿನಲ್ಲಿ ನಾಟಕದ ತಾಲೀಮು, ಜೋರು ಮಳೆ, ನೆಟ್‌ವರ್ಕ್ ಇಲ್ಲ. ಪ್ಲಗಿನ್ ತೆರೆದರೆ ಲಾಗಿನ್ ಆಗಿ ಅನ್ನುತ್ತದೆ. ಅದರಲ್ಲಿ ಕಟ್ಟಿ ಉಳಿಸಿದ್ದ ಸದ್ದುಗಳು, ಅಂದರೆ ಪ್ಯಾಚ್‌ಗಳೆಲ್ಲ ಒಂದೇ ಸಲ ಬಾಯಿ ಮುಚ್ಚಿಕೊಂಡವು. ನೆಟ್ ಇಲ್ಲದ ಕಡೆ ನುಡಿಯದ ವಾದ್ಯ ಮಲೆನಾಡಿನಲ್ಲಿ ಕೆಲಸಕ್ಕೆ ಬರುವುದಿಲ್ಲ.

ಸೀರಮ್ ಬಗ್ಗೆ ಕೇಳುತ್ತೀರಿ, ಗೊತ್ತು. 2014ರಲ್ಲಿ ಬಂದ ಸಿಂಥ್ ಅದು. ಅಲೆಯನ್ನು ಕಣ್ಣಿಗೆ ತೋರಿಸಿ ಕೆಲಸ ಮಾಡಿಸುವ ರೂಢಿಯನ್ನು ಇಷ್ಟು ಜನರಿಗೆ ಹಿಡಿಸಿದ್ದು ಅದೇ. 2025ರಲ್ಲಿ ಎರಡನೇ ಆವೃತ್ತಿ ಬಂದಾಗ ಹಳೆಯ ಗ್ರಾಹಕರಿಗೆ ಪುಕ್ಕಟೆ ಕೊಟ್ಟರು, ಅದು ದೊಡ್ಡ ಮಾತು. ಆದರೆ ಹೊಸಬರಿಗೆ ಪೂರ್ತಿ ಬೆಲೆ 249 ಡಾಲರ್, ಇಪ್ಪತ್ತು ಸಾವಿರ ರೂಪಾಯಿ ದಾಟುತ್ತದೆ. ಆ ದುಡ್ಡಿಗೆ ನಾನು ಒಳ್ಳೆಯ ಮೈಕ್ ತರುತ್ತೇನೆ.

ಇನ್ನು ವೈಟಲ್. ಮ್ಯಾಟ್ ಟೈಟೆಲ್ ಎಂಬ ಒಬ್ಬರೇ ಕಟ್ಟಿ 2020ರ ನವೆಂಬರ್‌ನಲ್ಲಿ ಹೊರತಂದದ್ದು. ಪುಕ್ಕಟೆ ಸಿಗುವ ಆವೃತ್ತಿಯಲ್ಲೂ ಸಿಂಥ್ ಪೂರ್ತಿ ಇದೆ. ದುಡ್ಡು ಕೊಟ್ಟರೆ ಮುಖ್ಯವಾಗಿ ಪ್ರೀಸೆಟ್ (ಸಿದ್ಧ ಸದ್ದುಗಳು), ವೇವ್‌ಟೇಬಲ್ (ಸದ್ದಿಗೆ ಬುನಾದಿಯಾಗುವ ಅಲೆಗಳ ಸರಣಿ) ಜಾಸ್ತಿ ಸಿಗುತ್ತವೆ. ನನಗೆ ಅದು ಯಾಕೆ ಹಿಡಿಸಿತು ಅಂದರೆ, ಅದರಲ್ಲಿ ಏನು ನಡೆಯುತ್ತಿದೆ ಅನ್ನುವುದು ಕಣ್ಣಿಗೆ ಕಾಣುತ್ತದೆ. ಎಲ್‌ಎಫ್‌ಒ (ಯಾವುದಾದರೂ ನಾಬ್ ಅನ್ನು ತಾನಾಗೇ ಏರಿಳಿಸುವ ನಿಧಾನದ ಅಲೆ) ಹಿಡಿದು ಫಿಲ್ಟರ್‌ನ ನಾಬ್ ಮೇಲೆ ಎಳೆದುಬಿಟ್ಟರೆ ನಾಬ್ ಸುತ್ತ ಬಣ್ಣದ ಕಮಾನು ಮೂಡುತ್ತದೆ. ಸದ್ದು ಬರುವಾಗ ಆ ಕಮಾನಿನ ಒಳಗೆ ಬೆಳಕು ಓಡಾಡುತ್ತದೆ. ಎಷ್ಟು ದೂರ ಹೋಗುತ್ತಿದೆ, ಎಲ್ಲಿ ತಿರುಗುತ್ತಿದೆ ಎಲ್ಲ ಅಲ್ಲೇ. ಇಂಗ್ಲಿಷ್ ಮ್ಯಾನ್ಯುಯಲ್ ಓದದೆಯೇ ಸಿಂಥ್ ಕಲಿಯಬಹುದು ಅನ್ನುವ ಧೈರ್ಯ ನನಗೆ ಬಂದಿದ್ದು ಇದರಿಂದ.

ಒಂದು ಉದಾಹರಣೆ ಹತ್ತಿರದಿಂದ ತೋರಿಸುತ್ತೇನೆ. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ಒಂದು ಎಳೆ ದಾರ ಇಡುತ್ತಾರಲ್ಲ, ಅದರಿಂದಲೇ ಆ ಝೇಂಕಾರ. ಮೀಟಿದ ಕೂಡಲೇ ಎಲ್ಲ ಒಟ್ಟಿಗೆ ಕೇಳಿಸುವುದಿಲ್ಲ. ಒಳಗಿನ ಸ್ವರಾಂಶಗಳು ಒಂದರ ಹಿಂದೆ ಒಂದು ಎದ್ದು, ಅರಳಿ, ಇಳಿಯುತ್ತವೆ. ಮಾಮೂಲಿ ಶ್ರುತಿ ಪೆಟ್ಟಿಗೆಯ ಆಪ್‌ಗಳಲ್ಲಿ ನಾನು ತಡಕುವುದು ಈ ಅರಳುವಿಕೆಯನ್ನೇ. ವೈಟಲ್‌ನಲ್ಲಿ ನಾನು ಮಾಡುವುದು ಹೀಗೆ: ತಂಬೂರಿಯ ಒಂದೇ ತಂತಿಯ ರೆಕಾರ್ಡಿಂಗ್ ತೆಗೆದುಕೊಂಡು ಸದ್ದು ಹುಟ್ಟುವ ಭಾಗವಾದ ಆಸಿಲೇಟರ್ ಮೇಲೆ ಹಾಕುತ್ತೇನೆ. ಅದನ್ನು ಹೇಗೆ ಒಳಗೆ ತೆಗೆದುಕೊಳ್ಳಲಿ, ವೇವ್‌ಟೇಬಲ್, ವೋಕೋಡ್, ಪಿಚ್ ಸ್ಪ್ಲೈಸ್ ಅಂತ ಕೇಳುತ್ತದೆ. ವೋಕೋಡ್ ಆರಿಸಿದರೆ ತಂತಿಯ ಸ್ವಭಾವ ಚೆನ್ನಾಗಿ ಉಳಿಯುತ್ತದೆ. ಆಮೇಲೆ ಸ್ವರಾಂಶಗಳನ್ನು ಬದಲಿಸುವ ಸ್ಪೆಕ್ಟ್ರಲ್ ಮಾರ್ಫ್‌ನಲ್ಲಿ ಲೋ ಪಾಸ್ (ಮೇಲಿನ ಸ್ವರಾಂಶಗಳನ್ನು ತಡೆಯುವುದು) ಇಟ್ಟು, ಎಲ್‌ಎಫ್‌ಒವನ್ನು ಒಂದೇ ಸಲ ಓಡಿ ನಿಲ್ಲುವ ಎನ್ವಲಪ್ ಮೋಡ್‌ಗೆ ತಿರುಗಿಸಿ, ಕೈಯಲ್ಲೇ ಒಂದು ಗೆರೆ ಬರೆಯುತ್ತೇನೆ. ಮೊದಲು ತಗ್ಗು, ಬೇಗ ಏರು, ಆಮೇಲೆ ಉದ್ದಕ್ಕೆ ಇಳಿಜಾರು. ಬರೆಯುತ್ತಿದ್ದ ಹಾಗೆ ಪರದೆಯ ಮೇಲೆ ಅಲೆ ಅರಳಿ ಮುದುಡುವುದು ಕಾಣುತ್ತದೆ, ಕಿವಿಗೂ ಕೇಳುತ್ತದೆ. ಏರಿನ ತುದಿಯನ್ನು ಕೂದಲೆಳೆಯಷ್ಟು ಎಡಕ್ಕೆ ಸರಿಸಿದರೆ ಮೀಟಿನ ಗುಣವೇ ಬದಲಾಗುತ್ತದೆ. ಇಂಥ ಕೆಲಸವನ್ನು ಅಂಕಿ ತುಂಬಿಸಿ ಮಾಡಲು ನನ್ನಿಂದಾಗದು.

ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್‌ಗೆ ಈ ಚಿತ್ರಗಳು ಸ್ವಲ್ಪ ಭಾರ. ರೆಕಾರ್ಡ್ ಮಾಡುವಾಗ ಪ್ಲಗಿನ್ ಕಿಟಕಿ ಮುಚ್ಚಿಬಿಡಿ, ಸಾಕು.

ಆದರೆ ತಾಳ. ಇದೇ ನನ್ನನ್ನು ಕಾಡಿದ್ದು.

ಮಿಶ್ರ ಛಾಪು ಅಂದರೆ ತಕಿಟ ತಕದಿಮಿ, ಮೂರು ನಾಲ್ಕು, ಒಟ್ಟು ಏಳು. ನೃತ್ಯದ ಟ್ರ್ಯಾಕ್‌ಗಳಲ್ಲಿ ಇದು ಮತ್ತೆ ಮತ್ತೆ ಬರುತ್ತದೆ. ಶ್ರುತಿಯ ಹಿಂದಿನ ನಾದ ಆ ಏಳಕ್ಕೆ ಸರಿಯಾಗಿ ಉಸಿರಾಡಬೇಕು: ತಕಿಟದ ಮೊದಲಿಗೆ ಒಂದು ಎತ್ತು, ತಕದಿಮಿಯ ಮೊದಲಿಗೆ ಸಣ್ಣದೊಂದು ಎತ್ತು. ವೈಟಲ್‌ನ ಎಲ್‌ಎಫ್‌ಒ ಚೌಕದಲ್ಲಿ ಅಡ್ಡ ಮನೆಗಳನ್ನು ಏಳಕ್ಕೆ ಇಡಬಹುದು. ಮೊದಲನೇ ಮನೆಯಲ್ಲಿ ಎತ್ತರ, ನಾಲ್ಕನೇ ಮನೆಯಲ್ಲಿ ಮಧ್ಯಮ, ಉಳಿದವು ಇಳಿಜಾರು. ಚಿತ್ರ ನೋಡಿದರೆ ಆವರ್ತವೇ, ಅಂದರೆ ತಾಳದ ಒಂದು ಸುತ್ತೇ, ಕಣ್ಣ ಮುಂದೆ. ಎಷ್ಟು ಚೆಂದ!

ಈಗ ಅದನ್ನು ಹಾಡಿನ ವೇಗಕ್ಕೆ ಕಟ್ಟಬೇಕಲ್ವಾ? ಅಲ್ಲೇ ತೊಡಕು. ಎಲ್‌ಎಫ್‌ಒದ ಒಂದು ಸುತ್ತು ಎಷ್ಟು ಉದ್ದ ಅಂತ ಆರಿಸುವ ಟೆಂಪೊ ಪಟ್ಟಿಯಲ್ಲಿ ಇರುವುದು 1/1, 1/2, 1/4, 1/8, ಆ ಕಡೆ 2/1, 4/1. ಜೊತೆಗೆ ಡಾಟೆಡ್, ಟ್ರಿಪ್ಲೆಟ್. ಎಲ್ಲ ಎರಡರ, ಮೂರರ ಲೆಕ್ಕ. ಏಳು ಇಲ್ಲ. ಐದೂ ಇಲ್ಲ, ಹಾಗಾಗಿ ಖಂಡ ಛಾಪುವಿಗೂ ಇದೇ ಪಾಡು. ಒಳಗೆ ಏಳು ಮನೆ ಬರೆಯಲು ಬಿಟ್ಟ ಸಿಂಥ್, ಆ ಏಳನ್ನೂ ಎಂಟರ ಜಾಗಕ್ಕೆ ಹಿಗ್ಗಿಸಿ ಓಡಿಸುತ್ತದೆ. ಮೃದಂಗ ಒಂದು ಕಡೆ, ನಾದ ಇನ್ನೊಂದು ಕಡೆ.

ಉಳಿಯುವುದು ಸೆಕೆಂಡಿನ ಲೆಕ್ಕ. ಟೆಂಪೊ 120 ಇದ್ದರೆ (ನಿಮಿಷಕ್ಕೆ 120 ಬೀಟ್, ಒಂದು ಬೀಟ್‌ಗೆ ಎರಡು ಅಕ್ಷರ) ಒಂದು ಅಕ್ಷರಕ್ಕೆ ಕಾಲು ಸೆಕೆಂಡು, ಏಳಕ್ಕೆ 1.75. ಟೆಂಪೊ ಬಿಟ್ಟು ಸೆಕೆಂಡಿಗೆ ತಿರುಗಿಸಿ ಅದನ್ನು ತುಂಬಿಸಿದರೆ ಸರಿಯಾಗಿ ಕೂರುತ್ತದೆ. ಆಮೇಲೆ ನೃತ್ಯದ ಮೇಡಂ ಬರುತ್ತಾರೆ. "ಸ್ವಲ್ಪ ನಿಧಾನ ಮಾಡಿ ಸರ್, ಚಿಕ್ಕ ಮಕ್ಕಳು ಹಿಂದೆ ಬೀಳ್ತಿದ್ದಾರೆ." 112ಕ್ಕೆ ಇಳಿಸುತ್ತೇನೆ. ಈಗ ಆವರ್ತ 1.875 ಸೆಕೆಂಡು. ರೀಪರ್‌ನಲ್ಲಿ ಒಂದು ಅಂಕಿ ಬದಲಿಸಿದರೆ ಉಳಿದದ್ದೆಲ್ಲ ಹಿಂದೆ ಬರುತ್ತದೆ, ಈ ಎಲ್‌ಎಫ್‌ಒ ಮಾತ್ರ ಬರುವುದಿಲ್ಲ. ಯಾವ ಯಾವ ಟ್ರ್ಯಾಕ್‌ನಲ್ಲಿ ಯಾವ ಎಲ್‌ಎಫ್‌ಒ ಅಂತ ಹುಡುಕಿ ಒಂದೊಂದನ್ನೂ ತಿದ್ದಬೇಕು. ಕೊನೆಗೆ ಕಾಲ ಏರಿಸುತ್ತಾ ಹೋಗುವ ಭಾಗ ಇದ್ದರಂತೂ ಸೆಕೆಂಡಿನ ಲೆಕ್ಕ ಪೂರ್ತಿ ಕೈಬಿಡುತ್ತದೆ.

ಬಳಸು ದಾರಿಗಳಿವೆ. ಎಲ್‌ಎಫ್‌ಒವನ್ನು ಟ್ರಿಗರ್ ಮೋಡ್‌ನಲ್ಲಿಟ್ಟು ಪ್ರತಿ ಆವರ್ತಕ್ಕೂ ಹೊಸ ನೋಟ್ ಕೊಟ್ಟರೆ ತಪ್ಪು ಬೆಳೆಯುತ್ತಾ ಹೋಗುವುದಿಲ್ಲ. ಆದರೆ ಎಡೆಬಿಡದೆ ನಿಲ್ಲಬೇಕಾದ ಶ್ರುತಿ ಪ್ರತಿ ಸಲ ಹೊಸದಾಗಿ ಶುರುವಾಗುವುದು ಕೇಳಿಸುತ್ತದೆ. ಇಲ್ಲವೇ ರೀಪರ್‌ನ ಆಟೊಮೇಶನ್‌ನಲ್ಲಿ, ಅಂದರೆ ಹಾಡಿನ ಉದ್ದಕ್ಕೂ ನಾಬ್ ತಿರುಗಿಸುವ ಸೌಕರ್ಯದಲ್ಲಿ, ಗೆರೆ ಬರೆದು ವೈಟಲ್‌ನ ಮ್ಯಾಕ್ರೋ ನಾಬ್‌ಗೆ ಜೋಡಿಸಬಹುದು. ಸದ್ಯಕ್ಕೆ ನಾನು ಮಾಡುತ್ತಿರುವುದು ಇದನ್ನೇ. ಇದು ಟೆಂಪೊ ಜೊತೆ ನಡೆಯುತ್ತದೆ. ಆದರೆ ಚಿತ್ರ ಸಿಂಥ್‌ನಿಂದ ಹೊರಗೆ ಹೋಯಿತು. ಪ್ಯಾಚ್ ಸೇವ್ ಮಾಡಿದರೆ ತಾಳ ಅದರ ಜೊತೆ ಬರುವುದಿಲ್ಲ.

ಈಗ ಸರ್ಜ್ ಎಕ್ಸ್‌ಟಿ ನೋಡಿ. ಮಾಡ್ಯುಲೇಟರ್‌ನಲ್ಲಿ (ಎಲ್‌ಎಫ್‌ಒ ಇರುವ ಜಾಗ) ಸ್ಟೆಪ್ ಸೀಕ್ವೆನ್ಸರ್ ಆರಿಸಿ. ಹದಿನಾರು ಕಂಬಗಳು ಬರುತ್ತವೆ. ಕೊನೆಯ ಗುರುತನ್ನು ಹಿಡಿದು ಏಳನೇ ಕಂಬಕ್ಕೆ ಎಳೆಯಿರಿ. ವೇಗವನ್ನು ಟೆಂಪೊಗೆ ಕಟ್ಟಿ 1/8 ಇಡಿ. ಇಲ್ಲಿ ವೇಗ ಅಂದರೆ ಇಡೀ ಸುತ್ತಿನದ್ದಲ್ಲ, ಒಂದು ಕಂಬದ್ದು. ಹಾಗಾಗಿ ಏಳು ಕಂಬ ಅಂದರೆ ಏಳೇ ಅಕ್ಷರ. ಮುಗಿಯಿತು. ಮೇಡಂ 112 ಅಂದರೂ ಸರಿ, 96 ಅಂದರೂ ಸರಿ, ತಾನಾಗೇ ಹೊಂದಿಕೊಳ್ಳುತ್ತದೆ. ಗುರುತನ್ನು ಐದಕ್ಕೆ ಸರಿಸಿದರೆ ಖಂಡ, ಒಂಬತ್ತಕ್ಕೆ ಸರಿಸಿದರೆ ಸಂಕೀರ್ಣ. ಮೊದಲ ಸಲ ಇದು ಮೃದಂಗದ ಜೊತೆ ಕೂತಾಗ ನನಗೆ ನಿಜಕ್ಕೂ ಖುಷಿಯಾಯಿತು.

ಸರ್ಜ್‌ನ ಹಿನ್ನೆಲೆಯೂ ಒಳ್ಳೆಯದು. ಕ್ಲೇಸ್ ಯೋಹಾನ್ಸನ್ ಅವರು ವೆಂಬರ್ ಆಡಿಯೊ ಹೆಸರಿನಲ್ಲಿ ದುಡ್ಡಿಗೆ ಮಾರುತ್ತಿದ್ದ ಸಿಂಥ್ ಇದು. 2018ರಲ್ಲಿ ಅದರ ಕೋಡ್ ಅನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಅಂದಿನಿಂದ ಸ್ವಯಂಸೇವಕರು ಬೆಳೆಸಿಕೊಂಡು ಬಂದಿದ್ದಾರೆ. 2022ರಲ್ಲಿ ಎಕ್ಸ್‌ಟಿ ಬಂತು. ಪೂರ್ತಿ ಪುಕ್ಕಟೆ, ಲಾಗಿನ್ ಕೂಡ ಇಲ್ಲ. ಲಿನಕ್ಸ್‌ನಲ್ಲೂ ಓಡುತ್ತದೆ.

ಶ್ರುತಿ ಸೇರಿಸುವುದರಲ್ಲೂ ಸರ್ಜ್ ಮುಂದೆ. ಕೀಬೋರ್ಡಿನ ಅಂತರ ಗಾಂಧಾರ ಷಡ್ಜದಿಂದ 400 ಸೆಂಟ್‌ಗೆ ನಿಂತಿರುತ್ತದೆ (ಪಕ್ಕದ ಎರಡು ಕೀಗಳ ನಡುವೆ 100 ಸೆಂಟ್). ಷಡ್ಜದೊಂದಿಗೆ ಪೂರ್ತಿ ಬೆರೆಯುವ 5/4ರ ಗಾಂಧಾರ ಇರುವುದು ಸುಮಾರು 386ರಲ್ಲಿ. ಕೊಳಲಿನವರು ಕಲ್ಯಾಣಿಯ ಗಾಂಧಾರದಲ್ಲಿ ನಿಂತಾಗ ಹಿಂದಿನ ನಾದದಲ್ಲೂ ಗಾಂಧಾರ ಇದ್ದರೆ ಆ 14 ಸೆಂಟ್ ಎದ್ದು ಕೇಳುತ್ತದೆ. ಸ್ಕಾಲಾ ಫೈಲ್ (ಪ್ರತಿ ಸ್ವರ ಎಲ್ಲಿ ನಿಲ್ಲಬೇಕು ಅಂತ ಬರೆದ ಫೈಲ್) ಹಾಕಿ ಇದನ್ನು ಸರಿಮಾಡಲು ಎರಡೂ ಸಿಂಥ್ ಬಿಡುತ್ತವೆ. ಆದರೆ ಸರ್ಜ್ ಸ್ವರಗಳನ್ನು ಒಂದು ವೃತ್ತದ ಸುತ್ತ ಚಿತ್ರವಾಗಿ ತೋರಿಸುತ್ತದೆ, ಅಲ್ಲೇ ತಿದ್ದಲೂ ಬಿಡುತ್ತದೆ.

ಇಷ್ಟೆಲ್ಲ ಇದ್ದೂ ವೈಟಲ್ಲೇ ಯಾಕೆ? ಸರ್ಜ್‌ನಲ್ಲಿ ಸದ್ದು ಕಟ್ಟುವಾಗ ಕಣ್ಣಿಗೆ ಕೆಲಸ ಕಡಿಮೆ. ಯಾವ ಎಲ್‌ಎಫ್‌ಒ ಯಾವುದನ್ನು ಎಷ್ಟು ಅಲ್ಲಾಡಿಸುತ್ತಿದೆ ಅಂತ ನೋಡಲು ಆ ಎಲ್‌ಎಫ್‌ಒವನ್ನು ಆರಿಸಬೇಕು, ಆಗ ಸ್ಲೈಡರ್‌ಗಳ ಮೇಲೆ ಬಣ್ಣದ ಪಟ್ಟಿ ಬರುತ್ತದೆ. ಇನ್ನೊಂದನ್ನು ಆರಿಸಿದರೆ ಇದು ಹೋಗಿ ಅದು ಬರುತ್ತದೆ. ತಂಬೂರಿಯ ಅರಳುವಿಕೆಯಂಥದ್ದನ್ನು ನಾನು ಹುಡುಕಿ ಹುಡುಕಿ ಕಟ್ಟುವವನು. ಮೊದಲೇ ಲೆಕ್ಕ ಹಾಕಿ ಕೂರುವ ಅಭ್ಯಾಸ ನನಗಿಲ್ಲ. ಏನಾಗುತ್ತಿದೆ ಅಂತ ಕಾಣದಿದ್ದರೆ ಸುಮ್ನೆ ಪ್ರೀಸೆಟ್ ಆರಿಸಿ ಮುಂದೆ ಹೋಗಿಬಿಡುತ್ತೇನೆ. ಸರ್ಜ್‌ನಲ್ಲಿ ನಾನು ಮಾಡಿದ ಪ್ಯಾಚ್‌ಗಳು ತಾಳಕ್ಕೆ ಸರಿಯಾಗಿವೆ. ವೈಟಲ್‌ನಲ್ಲಿ ಮಾಡಿದವು ನನ್ನವು ಅನಿಸುತ್ತವೆ.

ವೈಟಲ್‌ಗೆ ಏನು ಸೇರಬೇಕು ಅಂತ ಯಾರಾದರೂ ಕೇಳಿದರೆ, ಮೊದಲನೆಯದು ನಿಮಗೇ ಗೊತ್ತು: ಟೆಂಪೊ ಪಟ್ಟಿಯ ಪಕ್ಕ ನಮಗೆ ಬೇಕಾದ ಅಂಕಿ ತುಂಬುವ ಒಂದು ಜಾಗ. 7/8 ಅಂತ ಬರೆಯಲು ಬಿಟ್ಟರೆ ಸಾಕು.

ಎರಡನೆಯದು ಗಮಕಕ್ಕೆ, ಅಂದರೆ ಸ್ವರವನ್ನು ಜಾರಿಸುವ, ತೂಗಿಸುವ ಬಗೆಗೆ. ಈಗಲೂ ಒಂದು ಉಪಾಯ ಇದೆ. ಎಲ್‌ಎಫ್‌ಒವನ್ನು ಸ್ವರ ಏರಿಳಿಸುವ ಟ್ರಾನ್ಸ್‌ಪೋಸ್‌ಗೆ ಜೋಡಿಸಿ, ಅಳತೆ 12 ಇಟ್ಟು, ಚೌಕದ ಅಡ್ಡಗೆರೆಗಳನ್ನೂ 12 ಮಾಡಿದರೆ ಒಂದು ಗೆರೆಗೆ ಒಂದು ಸ್ವರಸ್ಥಾನ. ಜಾರು, ಕಂಪಿತ ಎಲ್ಲ ಅದರ ಮೇಲೆ ಬರೆಯಬಹುದು. ಆದರೆ ಆ ಗೆರೆಗಳು ನಾನು ಹಾಕಿದ ಸ್ಕಾಲಾ ಫೈಲಿನಿಂದ ಬರಬೇಕು, 386ರ ಗಾಂಧಾರ 386ರಲ್ಲೇ ಕಾಣಬೇಕು. ಅದಕ್ಕಿಂತ ಮುಖ್ಯವಾದದ್ದು, ಒಂದೊಂದು ಸ್ವರಕ್ಕೂ ಬೇರೆ ಗೆರೆ ಇಡುವ ಅವಕಾಶ. ಈಗ ಒಂದು ಎಲ್‌ಎಫ್‌ಒ ಬರೆದರೆ ಎಲ್ಲ ಕೀಗೂ ಅದೇ. ತೋಡಿಯ ಗಾಂಧಾರ ತೂಗುವ ಹಾಗೆ ಅದೇ ರಾಗದ ಪಂಚಮ ತೂಗುವುದಿಲ್ಲವಲ್ಲ. ಈ ಒಂದು ಸೌಕರ್ಯ ಬಂದರೆ ದಕ್ಷಿಣದ ಸಂಗೀತದವರು ಸಿಂಥ್ ಕಡೆ ನೋಡುವ ರೀತಿಯೇ ಬದಲಾಗುತ್ತದೆ.

ಮೂರನೆಯದು ಚಿಕ್ಕದು. ಮೇಲೆ ಕಾಣುವ ಸ್ಪೆಕ್ಟ್ರಮ್ ಚಿತ್ರದ (ಯಾವ ಸ್ವರಾಂಶ ಎಷ್ಟಿದೆ ಅಂತ ತೋರಿಸುವುದು) ಹಿಂದೆ, ನಾನು ಹೋಲಿಸಬೇಕೆಂದಿರುವ ರೆಕಾರ್ಡಿಂಗ್‌ನ ಚಿತ್ರವನ್ನು ಮಸುಕಾಗಿ ತೋರಿಸಬೇಕು. ನಿಜವಾದ ತಂಬೂರಿ ಹಿಂದೆ, ನನ್ನದು ಮುಂದೆ.

ಕೊಳ್ಳುವವರಿಗೆ ಇಷ್ಟು: ಎರಡನ್ನೂ ಹಾಕಿಕೊಳ್ಳಿ, ಎರಡಕ್ಕೂ ದುಡ್ಡು ಕೊಡಬೇಕಾಗಿಲ್ಲ. ನೃತ್ಯಕ್ಕೆ ಮಾಡುವವರು, ಹಳೆಯ ಯಂತ್ರ ಇರುವವರು ಸರ್ಜ್‌ನಿಂದ ಶುರು ಮಾಡಿ. ಸದ್ದು ಹೇಗೆ ಹುಟ್ಟುತ್ತದೆ ಅಂತ ಕಲಿಯುವ ಆಸೆ ಇದ್ದರೆ ವೈಟಲ್. ನಾಲ್ಕು ಕಾಸು ಉಳಿದಾಗ ಅದರ 25 ಡಾಲರಿನ ಆವೃತ್ತಿ ಕೊಳ್ಳಿ, ಕಟ್ಟಿದವರಿಗೆ ಸೇರಬೇಕಾದ ದುಡ್ಡು ಅದು.

ಇನ್ನೊಂದು ಮಾತು ಎಂಜಿನಿಯರಿಂಗ್ ಓದುತ್ತಿರುವವರಿಗೆ. ವೈಟಲ್‌ನ ಕೋಡ್ ಜಿಪಿಎಲ್ ಅನ್ನುವ ಮುಕ್ತ ಲೈಸೆನ್ಸ್‌ನಲ್ಲಿ ಎಲ್ಲರಿಗೂ ಸಿಗುತ್ತದೆ. ಬದಲಿಸಿ ಹಂಚಬಹುದು, ವೈಟಲ್ ಅನ್ನುವ ಹೆಸರು ಮಾತ್ರ ಬಳಸುವಂತಿಲ್ಲ. ಸಿ ಪ್ಲಸ್ ಪ್ಲಸ್ ಬಲ್ಲವರು ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಇದ್ದು, ಆ ಟೆಂಪೊ ಪಟ್ಟಿಗೆ ಕೈ ಹಾಕುವ ಮನಸ್ಸಿದ್ದರೆ, ತಾಳದ ಲೆಕ್ಕ ಹೇಳಿಕೊಡಲು, ಪ್ರತಿ ಬದಲಾವಣೆಯನ್ನೂ ಮೃದಂಗದ ಜೊತೆ ಕೂರಿಸಿ ನೋಡಲು ನಾನು ಸಿದ್ಧ.