ಆಯಿಯನ್ನು ಕುಳಿತು ತೆಗೆಯಬೇಕಿತ್ತು: ಒಂದು ಮದುವೆ ವಿಡಿಯೊದ ವಿಮರ್ಶೆ

ಮಗಳ ಮದುವೆ ಮುಗಿದು ಎರಡೂವರೆ ತಿಂಗಳಿಗೆ ಪೆನ್‌ಡ್ರೈವ್ ಕೈಸೇರಿತು. ಶಿರಸಿ ಪೇಟೆಯ ಸ್ಟುಡಿಯೊ. ಹೆಸರು ಬೇಡ, ಹುಡುಗರು ಒಳ್ಳೆಯವರು. ಫೋಟೊ, ಆಲ್ಬಮ್, ವಿಡಿಯೊ, ಡ್ರೋನ್ ಎಲ್ಲ ಸೇರಿ 65 ಸಾವಿರ ರೂಪಾಯಿ. ಸೋಗೆ ಚಪ್ಪರದ ಮಬ್ಬಿನಲ್ಲೂ ಮುಖಗಳು ಸ್ಪಷ್ಟವಾಗಿವೆ, ಮಂತ್ರವೂ ಕೇಳುತ್ತದೆ. ನನ್ನ ತಕರಾರೆಲ್ಲ ಕ್ಯಾಮೆರಾ ಎಲ್ಲಿ ನಿಂತಿತ್ತು ಎಂಬುದರ ಬಗ್ಗೆ.

ಬೀಗರು ಕಾರಿನಿಂದ ಇಳಿಯುವುದನ್ನು ನೆಲಮಟ್ಟದಿಂದ, ಅದೂ ನಿಧಾನಗತಿಯಲ್ಲಿ ತೆಗೆದಿದ್ದಾರೆ. ಮೊದಲು ಚಪ್ಪಲಿ, ಆಮೇಲೆ ಪಂಚೆಯ ಅಂಚು, ಕೊನೆಗೆ ಮುಗಿಲಿಗೆ ತಾಗಿದ ತಲೆ. ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದ ಸಾಧು ಮನುಷ್ಯ ರಾವಣನ ಒಡ್ಡೋಲಗದಂತೆ ಪ್ರವೇಶಿಸುತ್ತಾರೆ. ಚಿಕ್ಕಂದಿನಲ್ಲಿ ಯಕ್ಷಗಾನ ಬಯಲಾಟದಲ್ಲಿ ಮುಂದಿನ ಚಾಪೆಯ ಮೇಲೆ ಕುಳಿತ ನಮಗೆಲ್ಲ ರಾಕ್ಷಸರ ಬಣ್ಣದ ವೇಷ ಕಂಡರೆ ಎದೆ ನಡುಗುತ್ತಿತ್ತು. ಹಿಂದೆ ಕುರ್ಚಿಯಲ್ಲಿದ್ದ ಹಿರಿಯರು ಎಲೆ ಅಡಿಕೆ ಮೆಲ್ಲುತ್ತಿದ್ದರು. ಕತ್ತೆತ್ತಿ ನೋಡಬೇಕಾಗಿ ಬಂದದ್ದೇ ಅರ್ಧ ಭಯ.

ಪ್ರಾಯದಲ್ಲಿ ಹೆಗ್ಗೋಡಿನ ನೀನಾಸಂನ ಚಿತ್ರ ರಸಗ್ರಹಣ ಶಿಬಿರಕ್ಕೆ ಹೋಗಿದ್ದೆ, ಆ ಚಟ ಇನ್ನೂ ಬಿಟ್ಟಿಲ್ಲ. 1941ರ 'ಸಿಟಿಜನ್ ಕೇನ್' ಸಿನಿಮಾ ತೆಗೆಯುವಾಗ ನಿರ್ದೇಶಕ ಆರ್ಸನ್ ವೆಲ್ಸ್ ಮತ್ತು ಛಾಯಾಗ್ರಾಹಕ ಗ್ರೆಗ್ ಟೋಲಂಡ್ ಸೆಟ್ಟಿನ ನೆಲವನ್ನೇ ಕತ್ತರಿಸಿ ಕ್ಯಾಮೆರಾವನ್ನು ಹೊಂಡಕ್ಕೆ ಇಳಿಸಿದ್ದರು. ಆದರೆ ಅದು ನಾಯಕ ಚುನಾವಣೆ ಸೋತ ರಾತ್ರಿ. ಅವನು ಮಾಳಿಗೆಗೆ ಮುಟ್ಟುವಷ್ಟು ದೊಡ್ಡವನಾಗಿ ಕಾಣುತ್ತಾನೆ, ಒಳಗೆ ಏನೂ ಉಳಿದಿಲ್ಲ. ಕೆಳಗಿನಿಂದ ತೆಗೆದರೆ ಗತ್ತು ಎಂದಷ್ಟೇ ಕಲಿತವರಿಗೆ ಇದು ಸಿಕ್ಕುವುದಿಲ್ಲ. ನಮ್ಮ ಬೀಗರು ಏನನ್ನೂ ಸೋತಿರಲಿಲ್ಲ, ಗೆದ್ದೂ ಇರಲಿಲ್ಲ; ಆಸರಿಗೆ ಕುಡಿಯಲು ಬರುತ್ತಿದ್ದರು, ಅಷ್ಟೇ.

ಡ್ರೋನಿನ ಏಳು ನಿಮಿಷ ದಂಡ. ಅಷ್ಟು ಎತ್ತರದಿಂದ 600 ಜನ ನೆಂಟರು ಚೆಲ್ಲಿದ ಅಕ್ಷತೆಯಂತೆ ಕಾಣುತ್ತಾರೆ. ತೋಟ ಮಾತ್ರ ಚೆನ್ನಾಗಿದೆ.

ಬೇಸರವಾದದ್ದು ಆಯಿಯ ವಿಷಯದಲ್ಲಿ. ಎಂಬತ್ತಾರರ ಆಯಿ ಜಗುಲಿಯಲ್ಲಿ ಮಣೆಯ ಮೇಲೆ ಕುಳಿತು ಮೊಮ್ಮಗಳನ್ನು ಹರಸುತ್ತಾಳೆ. ಹುಡುಗ ನಿಂತಲ್ಲಿಂದಲೇ ಕ್ಯಾಮೆರಾವನ್ನು ಕೆಳಗೆ ಬಗ್ಗಿಸಿದ್ದಾನೆ. ಬಿಳಿ ತಲೆ, ಕುಗ್ಗಿದ ಹೆಗಲು, ನಡುಗುವ ಕೈ. ನೋಡಿದವರು "ಪಾಪ" ಎನ್ನುತ್ತಾರೆ. ಈ ಮನೆಯ ಉಗ್ರಾಣದ ಕೀಲಿಕೈ ಇಂದಿಗೂ ಅವಳ ಸೊಂಟದಲ್ಲಿದೆ. ಮದುವೆಗೆ ಎಷ್ಟು ಬೆಲ್ಲ ಎಂದು ತೀರ್ಮಾನಿಸಿದವಳೂ ಅವಳೇ. ಜಪಾನಿನ ನಿರ್ದೇಶಕ ಓಜು ಕ್ಯಾಮೆರಾವನ್ನು ಬಹಳ ತಗ್ಗಿನಲ್ಲಿಡುತ್ತಿದ್ದ, ಚಾಪೆಯ ಮೇಲೆ ಕುಳಿತವರ ಜತೆ ನಾವೂ ಕುಳಿತಂತೆ. ನಮ್ಮ ಹುಡುಗ ಒಮ್ಮೆ ಕುಕ್ಕರಗಾಲಿನಲ್ಲಿ ಕುಳಿತಿದ್ದರೆ ಆಯಿಯ ಕಣ್ಣು ಸಿಗುತ್ತಿತ್ತು. ಆ ಕಣ್ಣಿನಲ್ಲಿ ಪಾಪ ಎನ್ನುವಂಥದ್ದೇನೂ ಇಲ್ಲ.

ಒಂದು ಕಡೆ ಮಾತ್ರ ಅವರಿಗೆ ಪೂರ್ತಿ ಅಂಕ. ಹೆಣ್ಣೊಪ್ಪಿಸಿಕೊಡುವ ಹೊತ್ತಿಗೆ ಅಂಗಳ ಕಿಕ್ಕಿರಿದು, ಎರಡನೆಯ ಹುಡುಗ ಜಾಗ ಸಿಗದೆ ಮಾಳಿಗೆಯ ಕಿಟಕಿಗೆ ಹತ್ತಿದ್ದನಂತೆ. ಅಲ್ಲಿಂದ ತೆಗೆದದ್ದು ಒಂದೇ ಉದ್ದ ಶಾಟ್: ಕಾರು ದಣಪೆ ದಾಟುತ್ತದೆ, ಜನ ಊಟದ ಚಪ್ಪರದ ಕಡೆ ಕರಗುತ್ತಾರೆ, ಅಂಗಳದ ನಡುವೆ ಒಂದು ಬೋಳು ತಲೆ ಉಳಿಯುತ್ತದೆ. ಅದು ನನ್ನದು. ಎಲ್ಲಿಗೆ ಹೋಗಬೇಕೆಂದು ತಿಳಿಯದೆ, ಬಿದ್ದಿದ್ದ ಅಡಿಕೆ ಹಾಳೆಯ ಟೋಪಿಯೊಂದನ್ನು ಹೆಕ್ಕಿ ಮತ್ತೆ ಅಲ್ಲೇ ಇಡುತ್ತೇನೆ. ಆ ದಿನ ನಾನು ಅತ್ತಿರಲಿಲ್ಲ. ಟಿವಿಯ ಮುಂದೆ ತಡೆಯಲಾಗಲಿಲ್ಲ. ಆಯಿಗೆ ಅನ್ಯಾಯ ಮಾಡಿದ ಮೇಲಿನ ನೋಟವೇ ನನ್ನ ವಿಷಯದಲ್ಲಿ ನಿಜ ಹೇಳಿತ್ತು.

ಐದಕ್ಕೆ ಮೂರೂವರೆ ಕೊಡುತ್ತೇನೆ. ಬರುವ ವೈಶಾಖದಲ್ಲಿ ತಮ್ಮನ ಮಗನ ಉಪನಯನಕ್ಕೂ ಇವರನ್ನೇ ಕರೆದಿದ್ದೇನೆ. ಆಯಿಯನ್ನು ಕುಳಿತೇ ತೆಗೆಯಬೇಕು ಎಂದದ್ದಕ್ಕೆ ಹುಡುಗ, "ಮೊಣಕಾಲು ನೋಯುತ್ತದೆ ಹೆಗಡೆಯವರೇ" ಎಂದ. ಅವನಿಗೂ ಒಂದು ಮಣೆ ಹಾಕಿಸುತ್ತೇನೆ ಎಂದಿದ್ದೇನೆ.